ಸ್ಟಿಕ್ಕಿನ ಭಾರ

ಅಣ್ಣ, ನಿನ್ನ ತೋಳಿಗೆ ಏನೂ ಆಗಿರಲಿಲ್ಲ. ವಿಮಾನವನ್ನು ಏರಿಳಿಸುವ ಆ ಸ್ಟಿಕ್ಕನ್ನು ಬಿಗಿ ಮಾಡಿದ್ದು ನಾನು — ಬೇಕೆಂದೇ, ನಿನ್ನನ್ನು ನೆಲಕ್ಕಿಳಿಸಬೇಕೆಂದೇ.

ಗೊಟ್ಟಿಗೆರೆಯ ಶೆಡ್ಡಿನಲ್ಲಿ ಆರು ವರ್ಷ ದುಡಿದು ಆ ಎರಡು ಸೀಟಿನ ವಿಮಾನವನ್ನು ಇಬ್ಬರೂ ಸೇರಿ ಕಟ್ಟಿದೆವು. ಹಾರಿಸುವ ಲೈಸೆನ್ಸ್ ನಿನ್ನದು. ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ವಿಮಾನದ ಕೇಬಲ್ ಜೋಡಿಸಿದ ಕೈ ನನ್ನದು. ಮೊದಲ ಹಾರಾಟ ಮುಗಿಸಿ ಇಳಿದಾಗ ನಿನ್ನ ಮುಖ ಬಿಳಿಚಿಕೊಂಡಿತ್ತು.

"ಸ್ಟಿಕ್ ತುಂಬಾ ಹಗುರ ಕಣೇ ಸರೋಜ. ಬೆರಳು ತಾಕಿದ್ರೆ ಸಾಕು, ಮೂತಿ ಎಗರತ್ತೆ."

ಸ್ವಲ್ಪ ಬಿಗಿ ಬರಲೆಂದು ನಾನು ಸ್ಟಿಕ್ಕಿನ ಬುಡದ ಎರಡೂ ಕಡೆ ಸ್ಪ್ರಿಂಗ್ ಕೂರಿಸಿದೆ. ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದೆಳೆದು ನೋಡಿ ಮೂರು ವಾರ ಹದ ಹುಡುಕಿದೆ. "ಈಗ ಸರಿಹೋಯ್ತು" ಎಂದು ನೀನು ಹೇಳಿದ್ದೇ ನನಗೆ ಸಾಕಾಗಿತ್ತು.

ಆಮೇಲೆ ಪತ್ರಿಕೆಯವನು ಬಂದ. ನೀನು ರೆಕ್ಕೆಯ ಮೇಲೆ ಕೈಯಿಟ್ಟು ನಿಂತಿದ್ದೆ. "ಮೇಡಂ ಯಾರು ಸಾರ್?" ಎಂದು ಅವನು ಕೇಳಿದ.

"ನನ್ನ ತಂಗಿ. ಕಾಫಿ, ತಿಂಡಿ ಡಿಪಾರ್ಟ್‌ಮೆಂಟ್ ಪೂರ್ತಿ ಇವಳದೇ."

ಅವನು ನಕ್ಕ. ನೀನೂ. ನಾನೂ — ಹೌದು, ನಾನೂ ನಕ್ಕೆ, ಗ್ರೀಸ್ ಮೆತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಮರುವಾರವೇ ಸ್ವಲ್ಪ ಗಟ್ಟಿ ಸ್ಪ್ರಿಂಗ್ ಹಾಕಿದೆ. ಹದಿನೈದು ದಿನ ಬಿಟ್ಟು ಇನ್ನೂ ಗಟ್ಟಿಯದು. ಒಮ್ಮೆಲೇ ಬದಲಿಸಿದ್ದರೆ ನಿನಗೆ ತಿಳಿದುಬಿಡುತ್ತಿತ್ತು. ಇಳಿದ ಮೇಲೆ ನೀನು ಭುಜ ಒತ್ತಿಕೊಳ್ಳುವುದನ್ನು ನೋಡಿ ನನಗೆ ಹಿತವಾಗುತ್ತಿತ್ತು — ಬಹಳ ಹಿತವಾಗುತ್ತಿತ್ತು.

"ಎಳೆಯೋಕಾಗ್ತಿಲ್ಲ ಕಣೇ, ಕೈಯಲ್ಲಿ ಶಕ್ತೀನೇ ಇಲ್ಲ" ಎಂದು ನೀನು ಹೇಳಿದಾಗ ನಾನು ಕೊಟ್ಟ ಉತ್ತರ ನೆನಪಿದೆಯಾ? "ಅರವತ್ತಾರು ಆಯ್ತಲ್ಲಣ್ಣ, ಇನ್ನೇನು ಮತ್ತೆ."

ಜಯನಗರದ ಕ್ಲಿನಿಕ್ಕಿಗೆ ನಾನೇ ಜೊತೆಯಲ್ಲಿ ಬಂದೆ. ಡಾಕ್ಟರು ಏನೂ ತೊಂದರೆಯಿಲ್ಲ ಎಂದರು, ನೀನು ನಂಬಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮುಂದಿನ ಹಾರಾಟದಲ್ಲಿ ಇಳಿಯುವಾಗ ನೀನು ಸ್ಟಿಕ್ ಎಳೆದು ಮೂತಿ ಎತ್ತುವುದು ತಡವಾಗಿ, ವಿಮಾನ ರನ್‌ವೇಗೆ ಬಡಿದು ಪುಟಿಯಿತು. ನೀನು ಸಾಯಬಹುದಿತ್ತು. ಹಾಗಾಗಬಹುದೆಂದು ಸ್ಪ್ರಿಂಗ್ ಹಾಕುವಾಗಲೇ ನನಗೆ — ಆ ಕೆಲಸ ಬಲ್ಲವಳಿಗೆ — ಗೊತ್ತಿತ್ತು.

ನೀನು ವಿಮಾನವನ್ನು ಮಾರಲು ಇಟ್ಟೆ. ಕೊಳ್ಳುವವನು ಬರುವ ಹಿಂದಿನ ದಿನ, ಮೊದಲು ಹದ ಮಾಡಿದ್ದ ಹಳೆಯ ಸ್ಪ್ರಿಂಗುಗಳನ್ನೇ ನಾನು ಹಾಕಿಟ್ಟೆ. ಅವನು ಒಂದು ಸುತ್ತು ಹಾರಿ ಬಂದು, "ಸ್ಟಿಕ್ ಸಖತ್ತಾಗಿದೆ ಸಾರ್, ಎರಡೇ ಬೆರಳಲ್ಲಿ ಬರತ್ತೆ" ಎಂದ. ನೀನು ನಿನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಆಗಲಾದರೂ ಹೇಳಿದ್ದರೆ — ಹೇಳಲಿಲ್ಲ. ಗೆದ್ದೆ ಎಂದುಕೊಂಡೆ.

ನಾಲ್ಕು ವರ್ಷವಾಯಿತು. ಹೋದ ವಾರ ನಿನ್ನ ಮೊಮ್ಮಗಳು ಎತ್ತಿಕೋ ಎಂದು ತೋಳು ಚಾಚಿದಾಗ ನೀನು ಹಿಂದೆ ಸರಿದೆ. "ಬೇಡ ಪುಟ್ಟಿ, ತಾತ ಬೀಳಿಸಿಬಿಡ್ತಾನೆ."

ಸೇಡು ಇಲ್ಲಿಯವರೆಗೆ ಬರುತ್ತದೆಂದು ತಿಳಿದಿರಲಿಲ್ಲ ಎಂದು ಬರೆಯಹೊರಟಿದ್ದೆ. ಅದೂ ನೆಪವೇ. ಪತ್ರಿಕೆಯವನ ಮುಂದೆ ನೀನಾಡಿದ ಆ ಮಾತಿನ ಮೇಲಿನ ಕೋಪ ನನಗೆ ಇನ್ನೂ ಆರಿಲ್ಲ. ಆದರೆ ಅದನ್ನು ಇದಕ್ಕೆ ಸರಿದೂಗಿಸಲಾರೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಈ ಕಾಗದವನ್ನು ನಾನೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ.