ಭಾನುವಾರದ ರಿಹರ್ಸಲ್

ವಿಭಾಳ ಅಪ್ಪ ಗುರುರಾಜ್ ವಿಮಾ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಬಸ್ಸಿಳಿದು ಇಂದಿರಾನಗರದ ಪಕ್ಕದ ನೌಕರರ ಕಾಲೋನಿಗೆ ಬಂದವರೇ, ಚಪ್ಪಲಿ ಬಿಡುವ ಮೊದಲೇ ಮಗಳನ್ನು ಪ್ರಶ್ನಿಸಲು ಶುರು ಮಾಡುತ್ತಿದ್ದರು. ತೊದಲಿದರೆ ಮತ್ತೆ ಮೊದಲಿಂದ. ಮೂರು ವಾರದಿಂದ ಇದೇ ಕಥೆ. ಬಿ.ಕಾಂ. ಮುಗಿಸುತ್ತಿದ್ದ ವಿಭಾಳಿಗೆ ಗರುಡಾಚಾರ್‌ಪಾಳ್ಯದ ಒಂದು ಕಂಪನಿಯಿಂದ ಕರೆ ಬಂದಿತ್ತು. ೧೯೯೮ರ ಜೂನ್ ತಿಂಗಳು, ಸೋಮವಾರ ಹತ್ತು ಗಂಟೆಗೆ ಇಂಟರ್‌ವ್ಯೂ. ಆ ಮನೆಯಲ್ಲಿ ಸಂಬಳ ತರುವ ಮೊದಲ ಹೆಂಗಸು ತಾನಾಗಬೇಕೆಂಬ ಹಠ ಅವಳದು. ಅಪ್ಪ ಜೊತೆಗಿದ್ದಾರೆಂಬುದೇ ಧೈರ್ಯ.

ಉತ್ತರಗಳನ್ನೆಲ್ಲ ಅಪ್ಪನೇ ಹೇಳಿಕೊಟ್ಟಿದ್ದರು. ಒಂದನ್ನು ಮಾತ್ರ ಅವಳೇ ಬರೆದುಕೊಂಡಿದ್ದಳು. ನಿಮ್ಮ ಆದರ್ಶ ಯಾರು ಎಂದು ಕೇಳಿದರೆ "ನಮ್ಮ ತಂದೆ" ಅನ್ನುವುದು. ಅದನ್ನು ಕೇಳಿದ ದಿನ ಗುರುರಾಜ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು.

ಶನಿವಾರ ಅವರೇ ಹೇಳಿದರು: "ನಾಳೆ ಬಾಣಸವಾಡಿಯಿಂದ ಒಬ್ರು ಬರ್ತಾರೆ ಪುಟ್ಟಿ. ಫ್ಯಾಕ್ಟರೀಲಿ ದೊಡ್ಡ ಆಫೀಸರ್, ನೂರಾರು ಜನರನ್ನ ಇಂಟರ್‌ವ್ಯೂ ಮಾಡಿದ್ದಾರೆ. ಅವರ ಮುಂದೆ ಒಂದ್ಸಲ ಕೂತ್ಕೊಂಡ್ಬಿಡು, ಭಯ ಹೋಗ್ಬಿಡತ್ತೆ. ಸೀರೆ ಉಟ್ಕೋ, ಗಂಭೀರವಾಗಿ ಕಾಣ್ತೀಯ."

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡ ಹೊಸ ಚೂಡಿದಾರವನ್ನು ಸೋಮವಾರಕ್ಕೆ ಎತ್ತಿಟ್ಟು, ವಿಭಾ ಸೀರೆ ಉಟ್ಟಳು.

ಆಫೀಸರು ಒಬ್ಬರೇ ಬರಲಿಲ್ಲ. ಹೆಂಡತಿಯೂ ಮಗ ಭಾರ್ಗವನೂ ಬಂದರು. ಹುಡುಗ ಈಚೆಗಷ್ಟೇ ಇಂಟರ್‌ವ್ಯೂ ಪಾಸಾದವನು, ಟಿಪ್ಸ್ ಕೊಡುತ್ತಾನೆ ಎಂದರು ಅಪ್ಪ. ಒಳಗೆ ಕೇಸರಿಬಾತು ಘಮಘಮಿಸುತ್ತಿತ್ತು, ಬಾಣಲೆಯಲ್ಲಿ ಬಜ್ಜಿ ಬೇಯುತ್ತಿತ್ತು. ಇದು ಹೆಣ್ಣು ನೋಡುವ ಶಾಸ್ತ್ರವೆಂದು ಇಡೀ ಕಾಲೋನಿಗೆ ಆ ವಾಸನೆಯಲ್ಲೇ ತಿಳಿದಿರಬೇಕು. ತಿಳಿಯದವಳು ಅವಳೊಬ್ಬಳೇ. ದಡ್ಡಿಯೇನಲ್ಲ, ಅಪ್ಪನನ್ನು ನಂಬಿದ್ದಳು, ಅಷ್ಟೇ.

ಸರ್ಟಿಫಿಕೇಟಿನ ಫೈಲನ್ನು ಎರಡೂ ಕೈಯಲ್ಲಿ ಕೊಟ್ಟಳು. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರಿಸಿದಳು. ಆ ಹೆಂಗಸು ಅಂಕಗಳನ್ನು ಬಿಟ್ಟು ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟಾಗಲೂ ಅವಳಿಗೆ ಹೊಳೆಯಲಿಲ್ಲ. ಭಾರ್ಗವ ಮಹಾಶಯ ಬಜ್ಜಿ ಮುಗಿಸಿದನೇ ಹೊರತು ಒಂದು ಟಿಪ್ಸೂ ಕೊಡಲಿಲ್ಲ.

ಹೊರಡುವಾಗ ಆ ಹೆಂಗಸು ಅವಳ ಗಲ್ಲ ಹಿಡಿದು, "ನಮಗೆ ಒಪ್ಪಿಗೆ ಕಣ್ರೀ. ಮದುವೆ ಆದ್ಮೇಲೆ ಕೆಲಸ ಗಿಲಸ ಬೇಡ, ಮನೆ ನೋಡ್ಕೊಂಡ್ರೆ ಸಾಕು" ಎಂದರು.

ಬಾಗಿಲು ಮುಚ್ಚಿತು. ಅಮ್ಮ ವೇದಾ ತಟ್ಟೆ ಎತ್ತುವ ನೆಪದಲ್ಲಿ ಒಳಗೆ ಜಾರಿಕೊಂಡರು. ವಿಭಾ ಫೈಲನ್ನು ಎದೆಗವಚಿಕೊಂಡು ನಿಂತೇ ಇದ್ದಳು.

"ನಿಮಗೆ ಗೊತ್ತಿತ್ತಾ ಅಪ್ಪಾ?"

"ಹೇಳಿದ್ರೆ ನೀನು ಕೂತ್ಕೋತಿದ್ಯಾ ಪುಟ್ಟಿ? ಒಳ್ಳೇ ಮನೆತನ..."

"ಮೂರು ವಾರ ದಿನಾ ಪ್ರಶ್ನೆ ಕೇಳ್ತಿದ್ರಲ್ಲ, ಅದು ನನ್ನ ಕೆಲಸಕ್ಕಾ? ಇವರ ಮುಂದೆ ಚೆನ್ನಾಗಿ ಮಾತಾಡ್ಲಿ ಅಂತಾನಾ?"

ಗುರುರಾಜ್ ಬಂದವರು ಕೂತಿದ್ದ ಕುರ್ಚಿಗಳನ್ನು ಗೋಡೆಗೆ ಸರಿಸತೊಡಗಿದರು. ಹೊರಗಿನವರು ಮೋಸ ಮಾಡಿದರೆ ಬೈದು ಮರೆಯಬಹುದು. ಅಪ್ಪನೇ ಮಾಡಿದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಆ ಸಂಜೆ ಸಂಬಂಧ ಬೇಡವೆಂದು ಒಂದೇ ಮಾತಲ್ಲಿ ಹೇಳಿ, ಊಟ ಬಿಟ್ಟು ಮಲಗಿದಳು.

ಸೋಮವಾರ ಎರಡು ಬಸ್ಸು ಬದಲಿಸಿ ಒಬ್ಬಳೇ ಹೋದಳು. ಸಂಜೆ ಬಂದಾಗ ಬಸ್‌ಸ್ಟಾಪಿನಲ್ಲಿ ಗುರುರಾಜ್ ಕಾಯುತ್ತಿದ್ದರು, ಅರ್ಧ ದಿನ ರಜೆ ಹಾಕಿ. ಫೈಲಿಗೆ ಕೈಚಾಚಿದರು. ಅವಳು ಕೊಡಲಿಲ್ಲ.

"ಕೆಲಸ ಕೊಟ್ರು. ಒಂದನೇ ತಾರೀಖಿಂದ ಹೋಗ್ಬೇಕು."

"ನೋಡಿದ್ಯಾ! ನಾವು ಓದಿದ್ದನ್ನೇ ಕೇಳಿದ್ರಾ?"

"ಹೂಂ. ನಿಮ್ಮ ಆದರ್ಶ ಯಾರು ಅಂದ್ರು."

ಅವರ ಮುಖ ಅರಳಿತು. "ಹೇಳಿದ್ಯಾ?"

"ಯಾರೂ ಇಲ್ಲ ಅಂದೆ" ಎಂದು ವಿಭಾ ಮನೆಯ ಕಡೆ ನಡೆದಳು.