ಗೀಸರ್ ಆರಿಸೋ ಅತ್ತೆ

ಮಂಡಿ ಆಪರೇಷನ್ ಆದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸೋದು ನನ್ನ ಕೆಲಸ. ಯಾರಿಗೂ ಹೇಳದ ಇನ್ನೊಂದು ಕೆಲಸ, ಕಥೆಗಳ ಆ್ಯಪೊಂದರಲ್ಲಿ ಬೇರೆ ಹೆಸರಿಟ್ಟುಕೊಂಡು ಧಾರಾವಾಹಿ ಬರೆಯೋದು. ಅದರಲ್ಲೊಬ್ಬ ಅತ್ತೆ ಇದ್ದಾಳೆ. ಸೊಸೆ ಸ್ನಾನಕ್ಕೆ ಹೋದ ಕೂಡಲೇ ಹೊರಗಿಂದ ಗೀಸರ್ ಆರಿಸ್ತಾಳೆ. ಈ ಗುಣವನ್ನ ನಾನು ಕದ್ದದ್ದು ಬೆನ್ಸನ್ ಟೌನಿನ ಸರೋಜಮ್ಮನವರಿಂದ. ಹಾಗಾಗಿ ಮೊನ್ನೆ ಅವರು ಫೋನಲ್ಲಿ ನನ್ನ ಕಥೆಯನ್ನೇ ತೆಗೆದಾಗ, ಮಡಿಸ್ತಿದ್ದ ಅವರ ಕಾಲು ನನ್ನ ಕೈಯಿಂದ ಜಾರಿತು.

"ಪ್ರತಿ ಕಂತಿಗೂ ಮೊದಲ ಕಾಮೆಂಟು ನಂದೇ ಕಣಮ್ಮ. ಇವತ್ತು ಏನು ಬರೆದಿದೀನಿ ಕೇಳು," ಅಂದು ಕನ್ನಡಕ ಏರಿಸಿ ಓದಿದರು. "ಚಳೀಲಿ ಸೊಸೆಗೆ ತಣ್ಣೀರು ಸುರಿಸೋಳು ಹೆಂಗಸೇ ಅಲ್ಲ. ಲೇಖಕಿಯವರೇ, ಈ ಅತ್ತೇನ ಬೇಗ ಸಾಯಿಸಿ."

ಅಷ್ಟರಲ್ಲಿ ಅವರ ಸೊಸೆ ರಶ್ಮಿ ಬಚ್ಚಲಲ್ಲಿ ನೀರು ಬಿಟ್ಟ ಸದ್ದಾಯಿತು. ಹತ್ತು ಹೆಜ್ಜೆ ನಡೀರಿ ಅಂದರೆ ಗೋಳಾಡೋ ಸರೋಜಮ್ಮ ವಾಕರ್ ಮುಟ್ಟದೆ ಎದ್ದು ಹೋಗಿ, ಗೀಸರ್ ಆರಿಸಿ ಬಂದು ಕೂತರು.

"ಎಷ್ಟೊತ್ತು ಹುಯ್ಕೋತಾಳೋ," ಅಂತ ಗೊಣಗಿ, "ಮುಂದಿನ ಕಂತಲ್ಲಿ ಆ ಅತ್ತೆ ಸಾಯ್ತಾಳೆ ಅಂತೀಯಾ?" ಅಂದರು.

ಸಂಜೆ ಆ್ಯಪ್ ತೆಗೆದು ನೋಡಿದೆ. ಅವರ ಕಾಮೆಂಟಿಗೆ ಆಗಲೇ ಒಂದು ಲೈಕು ಬಿದ್ದಿತ್ತು. ಒತ್ತಿದವಳು ರಶ್ಮಿ.