ಹಿಮ್ಮಡಿಯ ಚರ್ಮ

ವಸ್ತುಸಂಗ್ರಹಾಲಯದ ಹಿಂದಿನ ಶೆಡ್ಡಿನಲ್ಲಿ ಅಚ್ಚು ಹೊಯ್ಯುವ ಕೆಲಸದವನಾದ್ದರಿಂದ ಅವನು ಎಲ್ಲರ ಬಾಯಲ್ಲೂ ಅಚ್ಚಣ್ಣ. ದೊಡ್ಡ ಹಾಲ್‌ನಲ್ಲಿ ಹಲ್ಲು ಕಿರಿದು ನಿಂತಿರುವ ಡೈನೋಸಾರ್ ಅವನದೇ ಕೈಕೆಲಸ. ಅದರ ಚರ್ಮಕ್ಕೆ ಏನು ಮಾಡಿದರೂ ಜೀವಕಳೆ ಬಾರದೆ ತಲೆ ಕೆಟ್ಟಿದ್ದಾಗ, ಒಂದು ಸಂಜೆ ಹೆಂಡತಿ ಕಾಲು ಚಾಚಿ ಕೂತಿದ್ದಳು. ಒಡೆದ ಹಿಮ್ಮಡಿ! ಪುಣ್ಯಾತ್ಮ, ಅದಕ್ಕೇ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದ. ಮರುದಿನ ಪ್ರಾಣಿಯ ಮೈಗೆ ಬಳಿದ ಹಸಿ ಸಿಮೆಂಟಿನ ಮೇಲೆ ಅದನ್ನು ಒತ್ತುತ್ತಾ ಹೋದ, ಮೂತಿಯಿಂದ ಬಾಲದವರೆಗೆ.

"ಮುಲಾಮು ತಂದ್ಕೊಡಿ ಅಂದ್ರೆ ಗಾರೆ ಮೆತ್ತಿದ್ರಲ್ಲ! ಇನ್ಮೇಲೆ ಜನ ಟಿಕೆಟ್ ತಗೊಂಡು ನನ್ನ ಹಿಮ್ಮಡಿ ನೋಡ್ತಾರೆ," ಎಂದು ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು.

ಹೋದ ವರ್ಷ ಅವಳು ತೀರಿಕೊಂಡಳು. ಅಚ್ಚಣ್ಣ ಗರಬಡಿದವನಂತಾದ. ಅಳಲಿಲ್ಲ. ಉಂಡ, ಮಲಗಿದ, ಕೆಲಸಕ್ಕೆ ಬಂದ. ಬೆಳಿಗ್ಗೆ ಹಾಲ್‌ನ ಬೀಗ ತೆಗೆದೊಡನೆ ಆ ಪ್ರಾಣಿಯ ತೊಡೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. "ಏನಣ್ಣ, ಹಾಲು ಕರೆಯೋ ಹೊತ್ತಾಯ್ತಾ?" ಎಂದು ಕಾವಲಿನವನು ಕೆಣಕಿದರೂ ಕೇಳಿಸುತ್ತಿರಲಿಲ್ಲ. ಅವಳದೆಂದು ಮುಟ್ಟಲು ಅವನಿಗೆ ಉಳಿದಿದ್ದದ್ದು ಅದೊಂದೇ.

ಅಷ್ಟರಲ್ಲಿ ಬಂತಲ್ಲ ಹೊಸ ಸುದ್ದಿ: ಎಲ್ಲೋ ಅಂಥದೇ ಪ್ರಾಣಿಯ ಎಲುಬಿನ ಸುತ್ತ ಕಲ್ಲಿನಲ್ಲಿ ಗರಿಯ ಗುರುತು ಸಿಕ್ಕಿತಂತೆ. ಸತ್ತು ಕೋಟಿಗಟ್ಟಲೆ ವರ್ಷವಾದ ಮೇಲೆ ಅದಕ್ಕೆ ಹೊಸ ಬಟ್ಟೆಯ ಯೋಗ! ಮೇಲಧಿಕಾರಿ ಮೇಡಂ ಚೀಲಗಟ್ಟಲೆ ಗರಿ ತರಿಸಿದರು.

"ಹೊಟ್ಟೆ ಕೆಳಗಾದ್ರೂ ಹಾಗೇ ಬಿಡೋಣ್ವಾ, ಮೇಡಂ?"

"ಇಲ್ಲ ಅಚ್ಚಣ್ಣ, ಮೈತುಂಬಾ ಇತ್ತಂತೆ. ಗೊತ್ತಿದ್ದೂ ತಪ್ಪು ತೋರಿಸ್ಬಾರ್ದಲ್ವಾ?"

"ಹೂಂ," ಎಂದ. ಗೋಂದು ಹಚ್ಚಿ, ಬಾಲದಿಂದ ಶುರುಮಾಡಿ, ಸಾಲಿನ ಮೇಲೆ ಸಾಲು ಅಂಟಿಸುತ್ತಾ ಬಂದ. ಕೊನೆಗೆ ತೊಡೆಯಲ್ಲಿ ಬಿಟ್ಟುಕೊಂಡು ಬಂದಿದ್ದ ಅಂಗೈಯಗಲ ಜಾಗ ಉಳಿಯಿತು. ಸವರಿ ನೋಡಿದ. ಎದೆ ಚುರ್ ಎನ್ನಬೇಕಿತ್ತು, ಎನ್ನಲಿಲ್ಲ. ಅದನ್ನೂ ಮುಚ್ಚಿದ.

ಮೇಡಂ ಬಂದು ಮೂಗಿನ ಮೇಲೆ ಬೆರಳಿಟ್ಟರು. "ಏನ್ ಕೈ ಅಚ್ಚಣ್ಣ ನಿಮ್ದು! ಪಕ್ಕದ ಹಾಲ್‌ಗೆ ಇನ್ನೊಂದು ಪ್ರಾಣಿ ಮಾಡ್ಬೇಕು. ಅದಕ್ಕೆ ಗರಿ ಇರ್ಲಿಲ್ಲ, ಒರಟು ಚರ್ಮಾನೇ. ಆ ಹಳೇ ಅಚ್ಚು ಇಟ್ಕೊಂಡಿದ್ದೀರಾ?"

ಅವನು ಕೈಗಂಟಿದ ಗೋಂದು ಕೀಳುತ್ತಾ ನಿಂತ.

"ಇಲ್ಲ ಮೇಡಂ, ಕೆಲಸ ಮುಗಿದ ದಿನಾನೇ ಬಿಸಾಕ್ಬಿಟ್ಟೆ. ಬೇಕಾದಾಗ ಇನ್ನೊಂದು ತೆಗೆದ್ರಾಯ್ತು, ಹಿಮ್ಮಡಿ ಮನೇಲೇ ಇದೆಯಲ್ಲ ಅಂದ್ಕೊಂಡೆ."